ಬಾಹ್ಯಾಕಾಶದ ಆಟಕ್ಕೆ ಹೋದ ಹೊಸಬ ಬೇಸರಪಟ್ಟು ಬರುವುದೇಕೆ?

ಕಲಬುರಗಿಯಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಮನೆಯಿಂದ ಹೊರಗೆ ಕಾಲಿಡುವವರು ಕಡಿಮೆ. ಪರೀಕ್ಷೆ ಮುಗಿಸಿದ ಹುಡುಗರು ಕೂಲರ್ ಮುಂದೆ ಕುಳಿತು ಆಟಕ್ಕೆ ಇಳಿಯುತ್ತಾರೆ. ಎಂಜಿನಿಯರಿಂಗ್ ಎರಡನೆಯ ವರ್ಷದಲ್ಲಿರುವ ನನ್ನ ಅಕ್ಕನ ಮಗ ಕಳೆದ ಬೇಸಿಗೆಯಲ್ಲಿ, ಸಾವಿರಾರು ನೌಕೆಗಳು ಒಂದರ ಮೇಲೊಂದು ಬೆಂಕಿ ಉಗುಳುವ ವಿಡಿಯೊ ನೋಡಿ ಮರುಳಾಗಿ, ಅಂಥದ್ದೇ ಒಂದು ಬಾಹ್ಯಾಕಾಶದ ಆಟವನ್ನು ಇಡೀ ರಾತ್ರಿ ಡೌನ್‌ಲೋಡ್ ಮಾಡಿಕೊಂಡ. ಐದನೆಯ ದಿನಕ್ಕೆ ಕೈಬಿಟ್ಟ. “ಮಾಮಾ, ಇದು ಆಟ ಅಲ್ಲ, ಗಂಜ್‌ನಾಗಿನ ಕಿರ್ದಿ ಪುಸ್ತಕ ಅದ” ಎಂದು ಬೇಸರದಿಂದ ಹೇಳಿದ ಅವನ ಮಾತು ನನಗೆ ತಮಾಷೆಯಾಗಿ ಕಂಡರೂ, ಆಮೇಲೆ ವಿಚಾರಿಸಿದಾಗ ಅದರಲ್ಲಿ ಮುಕ್ಕಾಲು ಪಾಲು ಸತ್ಯವಿದೆ ಎಂದು ತಿಳಿಯಿತು.

ಅವನು ಆಡಿದ ಆಟ ಯಾವುದೆಂಬುದು ಇಲ್ಲಿ ಮುಖ್ಯವಲ್ಲ. ಇಂಥ ಆಟಗಳಿಗೆ ಹೋದ ಹೊಸಬರಿಗೆ ಆಗುವ ನಿರಾಸೆಗೆ ಕೆಲವು ಗಟ್ಟಿ ಕಾರಣಗಳಿವೆ, ಮತ್ತು ಆ ಕಾರಣಗಳಲ್ಲಿ ಹೆಚ್ಚಿನವು ಆಟದ ದೋಷಗಳಲ್ಲ, ಆಟವನ್ನು ಕಟ್ಟಿದ ರೀತಿಯಿಂದಲೇ ಹುಟ್ಟಿದವು. ಅದನ್ನು ತಿಳಿಸಲು ಈ ಬಗೆಯಲ್ಲಿ ಬಹಳ ಹಳೆಯದೂ ಹೆಸರುವಾಸಿಯೂ ಆದ ‘ಈವ್ ಆನ್‌ಲೈನ್’ ಎಂಬ ಆಟವನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಐಸ್‌ಲ್ಯಾಂಡ್ ದೇಶದ ರಾಜಧಾನಿ ರೇಕ್ಯಾವಿಕ್‌ನ ಸಿಸಿಪಿ ಎಂಬ ಕಂಪನಿ ಇದನ್ನು 2003ರ ಮೇ ತಿಂಗಳಲ್ಲಿ ಬಿಡುಗಡೆ ಮಾಡಿತು. ಇಂದಿಗೂ ಇದು ನಡೆಯುತ್ತಿದೆ.

ತೇರು ಒಂದೇ, ಬಯಲು ಒಂದೇ

ಆನ್‌ಲೈನ್ ಆಟದಲ್ಲಿ ಲೆಕ್ಕವೆಲ್ಲ ನಡೆಯುವುದು ನಮ್ಮ ಮನೆಯ ಕಂಪ್ಯೂಟರಿನಲ್ಲಲ್ಲ, ಕಂಪನಿ ನಡೆಸುವ ಸರ್ವರ್ ಎಂಬ ದೊಡ್ಡ ಕಂಪ್ಯೂಟರಿನಲ್ಲಿ. ಯಾರ ನೌಕೆ ಎಲ್ಲಿದೆ, ಯಾರ ಗುಂಡು ಯಾರಿಗೆ ತಾಗಿತು ಎಂದು ತೀರ್ಮಾನಿಸುವುದು ಸರ್ವರ್. ನಮ್ಮ ಪರದೆ ಆ ತೀರ್ಮಾನವನ್ನು ಚಿತ್ರವಾಗಿ ತೋರಿಸುತ್ತದೆ, ಅಷ್ಟೆ. ಆಡುವವರು ಹೆಚ್ಚಾದಾಗ ಬಹುತೇಕ ಆಟಗಳು ಅದೇ ಲೋಕದ ಹಲವು ಪ್ರತಿಗಳನ್ನು ತೆರೆದು, ಜನರನ್ನು ಅವುಗಳಲ್ಲಿ ಹಂಚಿಬಿಡುತ್ತವೆ. ಒಂದೇ ಸಿನಿಮಾವನ್ನು ಊರಿನ ನಾಲ್ಕು ಟಾಕೀಸುಗಳಲ್ಲಿ ಹಾಕಿದಂತೆ: ಈ ಟಾಕೀಸಿನಲ್ಲಿ ಕುಳಿತವನಿಗೂ ಆ ಟಾಕೀಸಿನಲ್ಲಿ ಕುಳಿತವನಿಗೂ ಸಂಬಂಧವಿಲ್ಲ.

ಈವ್ ಆನ್‌ಲೈನ್ ಇದಕ್ಕೆ ವಿರುದ್ಧವಾಗಿ ನಮ್ಮ ಶರಣಬಸವೇಶ್ವರ ಜಾತ್ರೆಯಂತಿದೆ. ತೇರು ಒಂದೇ, ಬಯಲು ಒಂದೇ, ಎಲ್ಲಿಂದ ಬಂದವರೂ ಅದೇ ಗದ್ದಲದಲ್ಲಿ ನಿಲ್ಲಬೇಕು. ಚೀನಾದ ಆಟಗಾರರಿಗೆ ಮಾತ್ರ ಪ್ರತ್ಯೇಕ ಸರ್ವರ್ ಇರುವುದನ್ನು ಬಿಟ್ಟರೆ, ಉಳಿದ ಜಗತ್ತಿನ ಎಲ್ಲರೂ ಲಂಡನ್‌ನಲ್ಲಿರುವ ಒಂದೇ ಸರ್ವರ್ ವ್ಯವಸ್ಥೆಯಲ್ಲಿ, 7,000ಕ್ಕೂ ಹೆಚ್ಚು ನಕ್ಷತ್ರ ಮಂಡಲಗಳಿರುವ ಒಂದೇ ಬ್ರಹ್ಮಾಂಡದಲ್ಲಿ ಆಡುತ್ತಾರೆ. ನಾವು ಕಂಪ್ಯೂಟರ್ ಆರಿಸಿ ಮಲಗಿದಾಗಲೂ ಆ ಲೋಕ ನಡೆಯುತ್ತಲೇ ಇರುತ್ತದೆ.

ಹೊಸಬನ ಮೊದಲ ಮುಜುಗರ ಇಲ್ಲಿಂದಲೇ ಹುಟ್ಟುತ್ತದೆ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಜನ ಬದುಕಿದ ಊರಿಗೆ ಅವನು ಇಂದು ಕಾಲಿಟ್ಟಿದ್ದಾನೆ. ಈಗ ಸೂಪರ್ ಮಾರ್ಕೆಟ್‌ನಲ್ಲಿ ಅಂಗಡಿ ಹಾಕಲು ಬಂದವನಿಗೆ ಮೂಲೆಯ ಜಾಗ ಸಿಗುವುದಿಲ್ಲ. ಒಳ್ಳೆಯ ಜಾಗಗಳೆಲ್ಲ ಎಂದೋ ಯಾರದೋ ಕೈ ಸೇರಿವೆ. ಒಬ್ಬನೇ ಆಡುವ ಆಟಗಳಲ್ಲಿ ಹೊಸಬನೇ ಕಥಾನಾಯಕ, ಲೋಕವೆಲ್ಲ ಅವನಿಗಾಗಿ ಕಾಯುತ್ತಿರುತ್ತದೆ. ಇಲ್ಲಿ ಯಾರೂ ಅವನಿಗಾಗಿ ಕಾಯುತ್ತಿಲ್ಲ.

ಆಟೋ ಓಡಿಸುವವನಲ್ಲ, ಹಿಂದೆ ಕುಳಿತವನು

ನೌಕೆಯ ಆಟ ಎಂದಾಗ ಕೈಯಲ್ಲಿ ಸ್ಟಿಯರಿಂಗ್ ಇರುತ್ತದೆ, ತಿರುಗಿಸಿದತ್ತ ನೌಕೆ ತಿರುಗುತ್ತದೆ ಎಂದು ಯಾರಾದರೂ ಊಹಿಸುತ್ತಾರೆ. ಈವ್‌ನಲ್ಲಿ ಬಹುಪಾಲು ಹಾಗಿಲ್ಲ. ಪರದೆಯ ಬಲಬದಿಯಲ್ಲಿ ಸುತ್ತಲಿನ ವಸ್ತುಗಳ ಪಟ್ಟಿ ಇರುತ್ತದೆ: ಹೆಸರು, ದೂರ, ವೇಗ. ಆಟಗಾರ ಪಟ್ಟಿಯ ಒಂದು ಸಾಲನ್ನು ಆರಿಸಿ ‘ಹತ್ತಿರ ಹೋಗು’, ‘ಇಷ್ಟು ದೂರದಲ್ಲಿ ಸುತ್ತು ಹಾಕು’ ಎಂದು ಆಜ್ಞೆ ಕೊಡುತ್ತಾನೆ. ಆಟೋದ ಹಿಂದಿನ ಸೀಟಿನಲ್ಲಿ ಕುಳಿತು “ಜಗತ್ ವೃತ್ತಕ್ಕೆ ನಡಿ” ಎಂದು ಹೇಳಿದಂತೆ. ಹ್ಯಾಂಡಲ್ ಹಿಡಿಯುವ ಸುಖ ಬಯಸಿ ಬಂದವನಿಗೆ ಇದು ಸಪ್ಪೆಯೆನಿಸುವುದು ಸಹಜ. ಹಳಬರೇ ಇದನ್ನು ‘ಬಾಹ್ಯಾಕಾಶದ ಎಕ್ಸೆಲ್ ಹಾಳೆ’ ಎಂದು ಗೇಲಿ ಮಾಡುವುದುಂಟು. 2022ರಲ್ಲಿ ಕಂಪನಿ ಆ ಗೇಲಿಯನ್ನು ನಿಜವಾಗಿಸಿ, ಆಟದ ಅಂಕಿಅಂಶಗಳನ್ನು ಮೈಕ್ರೋಸಾಫ್ಟ್ ಎಕ್ಸೆಲ್‌ಗೆ ಜೋಡಿಸುವ ಯೋಜನೆಯನ್ನೇ ಪ್ರಕಟಿಸಿತು. ನನ್ನ ಅಳಿಯನ ಕಿರ್ದಿ ಪುಸ್ತಕದ ಮಾತು ನೆನಪಾಗದೆ ಇರದು.

ಹೀಗೇಕೆ ಮಾಡಿದರು? ಉತ್ತರ ಮತ್ತೆ ಆ ಒಂದೇ ಜಾತ್ರೆಯಲ್ಲಿದೆ. ಗುಂಡು ಹಾರಿಸುವ ಸಾಮಾನ್ಯ ಆಟಗಳಲ್ಲಿ ಸರ್ವರ್ ಸೆಕೆಂಡಿಗೆ ಹತ್ತಾರು ಸಲ ಎಲ್ಲರ ಸ್ಥಿತಿಯನ್ನು ಲೆಕ್ಕಹಾಕುತ್ತದೆ; ಅಲ್ಲಿ ಆಡುವವರು ಹತ್ತು ಮಂದಿಯೋ ನೂರು ಮಂದಿಯೋ ಆದ್ದರಿಂದ ಅದು ಸಾಧ್ಯ. ಒಂದೇ ಸ್ಥಳದಲ್ಲಿ ಸಾವಿರಾರು ಜನ ಸೇರಬಹುದಾದ ಕಡೆ ಹಾಗೆ ಮಾಡಹೊರಟರೆ ಯಂತ್ರ ಕುಸಿಯುತ್ತದೆ. ಆದ್ದರಿಂದ ಈವ್‌ನ ಸರ್ವರ್ ಸೆಕೆಂಡಿಗೆ ಒಂದೇ ಸಲ ಲೆಕ್ಕ ಹಾಕುತ್ತದೆ. ನಾವು ಒತ್ತಿದ ಗುಂಡಿಯ ಪರಿಣಾಮ ಮುಂದಿನ ಸೆಕೆಂಡಿನ ಲೆಕ್ಕದಲ್ಲಿ ಕಾಣುತ್ತದೆ. ಹೊಸಬ ಇದನ್ನು “ನೆಟ್ ಸ್ಲೋ ಇದೆ” ಎಂದು ಬೈದುಕೊಳ್ಳುತ್ತಾನೆ.

ನೆಟ್ ವಿಚಾರಕ್ಕೆ ಬಂದರೆ, ಈ ನಿಧಾನವೇ ನಮ್ಮ ಕಡೆಯ ಆಟಗಾರನಿಗೆ ಉಪಕಾರ ಮಾಡುತ್ತದೆ. ಕಲಬುರಗಿಯಿಂದ ಲಂಡನ್ ನೇರ ದಾರಿಯಲ್ಲೇ 7,000 ಕಿಲೋಮೀಟರಿಗೂ ಹೆಚ್ಚು. ಗಾಜಿನ ಎಳೆಯ ಕೇಬಲ್ಲಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ವೇಗದಲ್ಲಿ ಓಡುವುದರಿಂದ, ಹೋಗಿ ಬರಲು ಕಡಿಮೆಯೆಂದರೂ 70 ಮಿಲಿಸೆಕೆಂಡ್ ಬೇಕು. ಕೇಬಲ್ಲುಗಳು ನೇರವಾಗಿ ಹೋಗದೆ ಸಮುದ್ರ ಸುತ್ತಿ ಹೋಗುವುದರಿಂದ ವಾಸ್ತವದಲ್ಲಿ ಇನ್ನೂ ಹೆಚ್ಚು. ಬಂದೂಕಿನ ಆಟದಲ್ಲಿ ಅಷ್ಟು ವಿಳಂಬವಿದ್ದರೆ ನಾವು ಎದುರಾಳಿಯನ್ನು ಕಾಣುವ ಮೊದಲೇ ಸತ್ತಿರುತ್ತೇವೆ. ಆದರೆ ಲೆಕ್ಕವೇ ಸೆಕೆಂಡಿಗೊಮ್ಮೆ ಆಗುವಲ್ಲಿ ಸೆಕೆಂಡಿನ ಹತ್ತನೆಯ ಒಂದೋ ಎರಡೋ ಭಾಗದ ವಿಳಂಬ ಬಹುತೇಕ ಕರಗಿಹೋಗುತ್ತದೆ. ಲಂಡನ್ನಿನವನೂ ಕಲಬುರಗಿಯವನೂ ಹೆಚ್ಚುಕಡಿಮೆ ಸರಿಸಮಾನರು. ಯಾವ ಗುಣ ಸಪ್ಪೆಯೆನಿಸಿತೋ ಅದೇ ಗುಣ ದೂರದ ಊರಿನವನನ್ನು ಆಟದೊಳಗೆ ಉಳಿಸುತ್ತದೆ ಎಂಬುದನ್ನು ಹೊಸಬನಿಗೆ ಯಾರೂ ಹೇಳಿಕೊಡುವುದಿಲ್ಲ.

ಕರೆಂಟಿನ ವಿಷಯ ಮಾತ್ರ ಬೇರೆ. ಇತರ ಆಟಗಾರರೊಡನೆ ಕಾದಾಟಕ್ಕಿಳಿದವನ ಮನೆಯಲ್ಲಿ ಕರೆಂಟ್ ಹೋದರೆ ಅವನ ನೌಕೆ ಕೂಡಲೇ ಮಾಯವಾಗುವುದಿಲ್ಲ. ಸುಮಾರು ಹದಿನೈದು ನಿಮಿಷ ಅಲ್ಲೇ ಉಳಿಯುತ್ತದೆ. ಸೋಲುವವನು ವೈರ್ ಕಿತ್ತು ಪಾರಾಗಬಾರದೆಂದು ಮಾಡಿದ ನಿಯಮವಿದು. ಇನ್ವರ್ಟರ್ ಇಲ್ಲದ ಮನೆಯವನಿಗೆ ಇದು ಅನ್ಯಾಯವೇ ಸರಿ.

ತೊಗರಿ ಹೊಲದ ಕಾಲಮಾನ

ಬಹುತೇಕ ಆಟಗಳಲ್ಲಿ ಹೆಚ್ಚು ಹೊತ್ತು ಆಡಿದವನ ಪಾತ್ರ ಬೇಗ ಬಲಿಯುತ್ತದೆ: ಶತ್ರುವನ್ನು ಕೊಂದರೆ ಅಂಕ, ಅಂಕ ಕೂಡಿದರೆ ಮುಂದಿನ ಮಟ್ಟ. ಈವ್‌ನಲ್ಲಿ ಪಾತ್ರ ಬೆಳೆಯುವ ಮುಖ್ಯ ದಾರಿ ಗಡಿಯಾರ. ಯಾವ ಕೌಶಲ ಕಲಿಯಬೇಕೆಂದು ಸರತಿಯಲ್ಲಿ ಇಟ್ಟರೆ ಸಾಕು, ನಾವು ಆಡಲಿ ಬಿಡಲಿ, ನಿಜವಾದ ಗಂಟೆ ದಿನಗಳ ಲೆಕ್ಕದಲ್ಲಿ ಅದು ತಾನಾಗಿ ಮುಗಿಯುತ್ತದೆ. ಮುಂಗಾರಿಗೆ ಬಿತ್ತಿದ ತೊಗರಿ ಡಿಸೆಂಬರ್ ಜನವರಿಗೆ ಕೈಗೆ ಬರುತ್ತದೆ. ರೈತ ದಿನಕ್ಕೆ ಹತ್ತು ಸಲ ಬದುವಿನ ಮೇಲೆ ನಿಂತು ನೋಡಿದರೂ ಅದು ನವೆಂಬರಿಗೆ ಬಲಿಯುವುದಿಲ್ಲ.

ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ನಿರಾಸೆಯ ಬೇರು ಇಲ್ಲೂ ಇದೆ, ಅದಕ್ಕೆ ಸಮಾಧಾನವೂ ಇಲ್ಲೇ ಇದೆ. ಪ್ರತಿ ಕೌಶಲಕ್ಕೂ ಐದು ಮಟ್ಟಗಳು. ಇಲ್ಲಿ ಅಂಕಗಳು ಗಡಿಯಾರದ ಜೊತೆಗೇ ಕೂಡುತ್ತ ಹೋಗುತ್ತವೆ. ಅತಿ ಸುಲಭದ ಕೌಶಲದ ಮೊದಲ ಮಟ್ಟಕ್ಕೆ 250 ಅಂಕ ಸಾಕು. ಮೂರನೆಯ ಮಟ್ಟ 8,000ಕ್ಕೆ, ನಾಲ್ಕನೆಯದು ಸುಮಾರು 45,000ಕ್ಕೆ, ಐದನೆಯದು 2,56,000ಕ್ಕೆ ಮುಗಿಯುತ್ತದೆ. ಅಂದರೆ ಒಟ್ಟು ಕಾಲದ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚನ್ನು ಕೊನೆಯ ಒಂದೇ ಮಟ್ಟ ನುಂಗುತ್ತದೆ. ಮೊದಲ ದಿನ ಹದಿನೈದು ನಿಮಿಷಕ್ಕೊಮ್ಮೆ ಏನಾದರೊಂದು ಕಲಿತು ಮುಗಿಸಿದ ಹುಡುಗನಿಗೆ ಐದನೆಯ ದಿನ “ಇನ್ನು ಆರು ದಿನ ಕಾಯಿರಿ” ಎಂದು ಪರದೆ ಹೇಳಿದರೆ, ಆಟ ನಿಂತೇಹೋಯಿತು ಎನಿಸದೆ ಇರುತ್ತದೆಯೇ? 2016ರ ನವೆಂಬರ್‌ನಿಂದ ಈ ಆಟವನ್ನು ಉಚಿತವಾಗಿಯೂ ಆಡಬಹುದಾಗಿದೆ. ಆದರೆ ಉಚಿತ ಆಟಗಾರನ ಕಲಿಕೆಯ ವೇಗ ಹಣ ಕೊಟ್ಟವನ ಅರ್ಧದಷ್ಟು ಮಾತ್ರ, ಎಲ್ಲ ಕೌಶಲಗಳೂ ಅವನಿಗೆ ತೆರೆದಿರುವುದಿಲ್ಲ.

“ಹಾಗಾದರೆ 2003ರಲ್ಲಿ ಸೇರಿದವನನ್ನು ನಾನು ಎಂದಿಗೂ ಹಿಡಿಯಲಾರೆ” ಎಂಬುದು ಹೊಸಬನ ಸಾಮಾನ್ಯ ಅಳಲು. ಒಟ್ಟು ಅಂಕದಲ್ಲಿ ನೋಡಿದರೆ ಅದು ಸರಿ. ಆದರೆ ಒಂದು ನೌಕೆಗೆ ಉಪಯೋಗ ಬೀಳುವ ಕೌಶಲಗಳು ಕೆಲವೇ. ಅವುಗಳ ಮಿತಿ ಐದನೆಯ ಮಟ್ಟವೇ. ಹಳಬನಿಗೆ ನೂರು ಬಗೆಯ ನೌಕೆ ನಡೆಸಲು ಬರುತ್ತದೆ ನಿಜ, ಆದರೆ ಅವನು ಒಂದು ಸಲಕ್ಕೆ ಕೂರುವುದು ಒಂದರಲ್ಲೇ. ನಾಲ್ಕನೆಯ ಮಟ್ಟದವರೆಗೆ ಬೇಗ ಕಲಿತ ಹೊಸಬ ಆ ಒಂದು ನೌಕೆಯ ಮಟ್ಟಿಗೆ ಅವನ ಸಮೀಪಕ್ಕೆ ಬಂದಿರುತ್ತಾನೆ. ಕಬಡ್ಡಿಯಲ್ಲಿ ರೈಡರ್ ಎಷ್ಟೇ ದೊಡ್ಡ ಆಳಾಗಿದ್ದರೂ ಪಾದ ಹಿಡಿದ ಸಣ್ಣ ಹುಡುಗ ಕೈ ಬಿಡದಿದ್ದರೆ ಉಳಿದವರು ಬಂದು ಬೀಳುತ್ತಾರಲ್ಲ, ಹಾಗೆಯೇ ಇಲ್ಲಿ ಅಗ್ಗದ ಸಣ್ಣ ನೌಕೆಯವನ ಕೆಲಸ ದೊಡ್ಡ ನೌಕೆ ಓಡಿಹೋಗದಂತೆ ತಡೆಹಿಡಿಯುವುದು. ಒಂದೆರಡು ವಾರದ ಅನುಭವದವರೂ ಅದನ್ನು ಮಾಡಬಲ್ಲರು.

ಕಳೆದದ್ದು ಕಳೆದೇ ಹೋಯಿತು

ನನ್ನ ಅಳಿಯ ನಿಜವಾಗಿ ಸಿಟ್ಟಾದದ್ದು ಮೂರನೆಯ ದಿನ. ಎರಡು ದಿನ ಅದಿರು ಅಗೆದು ಕೂಡಿಸಿದ ಹಣದಲ್ಲಿ ಕೊಂಡ ನೌಕೆಯನ್ನು ಯಾರೋ ಅಪರಿಚಿತ ಅರ್ಧ ನಿಮಿಷದಲ್ಲಿ ಪುಡಿಮಾಡಿದ. ಮತ್ತೆ ಹುಟ್ಟಿದಾಗ ನೌಕೆ ಇರಲಿಲ್ಲ. ಬೇರೆ ಆಟಗಳಲ್ಲಿ ಸತ್ತವನು ಎದ್ದಾಗ ಸಾಮಾನು ಸರಂಜಾಮು ಹಾಗೇ ಇರುತ್ತವೆ.

ಈವ್‌ನಲ್ಲಿ ಹಾಗಲ್ಲ, ಅಲ್ಲೂ ಅಳಿಯನಿಗೆ ಆದಂತೆಯೇ ಆಗುತ್ತದೆ. ನಾಶವಾದ ನೌಕೆ ಶಾಶ್ವತವಾಗಿ ಹೋಗುತ್ತದೆ, ಅದರಲ್ಲಿದ್ದ ಪ್ರತಿ ವಸ್ತುವೂ ಉಳಿಯುವ ಸಾಧ್ಯತೆ ಅರ್ಧಕ್ಕರ್ಧ, ಉಳಿದದ್ದನ್ನು ಯಾರು ಬೇಕಾದರೂ ಎತ್ತಿಕೊಳ್ಳಬಹುದು. ನೌಕೆಗೆ ವಿಮೆ ಮಾಡಿಸಬಹುದಾದರೂ ಸಾಮಾನಿಗೆ ವಿಮೆ ಇಲ್ಲ. ಪ್ರತಿ ನಕ್ಷತ್ರ ಮಂಡಲಕ್ಕೂ ಒಂದು ಭದ್ರತಾ ಅಂಕವಿದೆ. 1.0ರಿಂದ 0.5ರವರೆಗಿನ ಮಂಡಲಗಳಲ್ಲಿ ಕಾನ್‌ಕಾರ್ಡ್ ಎಂಬ ಪೊಲೀಸ್ ಪಡೆ ಇರುತ್ತದೆ, 0.4ರಿಂದ ಕೆಳಗೆ ಆ ಪಡೆ ಬರುವುದಿಲ್ಲ, 0.0 ಮತ್ತು ಅದಕ್ಕೂ ಕೆಳಗಿನ ಪ್ರದೇಶದಲ್ಲಿ ಯಾರ ಕೈ ಮೇಲೋ ಅವರದೇ ರಾಜ್ಯ. ಹೊಸಬ ಎಡವುವುದು ‘ಭದ್ರತೆ’ ಎಂಬ ಪದದ ಅರ್ಥದಲ್ಲಿ. ಕಾನ್‌ಕಾರ್ಡ್ ಅಪರಾಧವನ್ನು ತಡೆಯುವುದಿಲ್ಲ, ಅಪರಾಧ ನಡೆದ ಮೇಲೆ ಬಂದು ಅಪರಾಧಿಯ ನೌಕೆಯನ್ನು ನಾಶಮಾಡುತ್ತದೆ. 1.0ರಲ್ಲಿ ಬೇಗ ಬರುತ್ತದೆ, 0.5ರಲ್ಲಿ ತಡವಾಗಿ. ಆ ತಡದೊಳಗೆ ಕೆಲಸ ಮುಗಿಸಬಹುದೆಂದು ಲೆಕ್ಕ ಹಾಕಿದವರು, ತಮ್ಮ ಅಗ್ಗದ ನೌಕೆಗಳು ಹೋದರೂ ಸರಿ ಎಂದು, ಬೆಲೆಬಾಳುವ ಸರಕು ಹೊತ್ತವನ ಮೇಲೆ ಬೀಳುತ್ತಾರೆ.

ವಂಚನೆಯೂ ಅಷ್ಟೇ. “ಹಣ ಕಳುಹಿಸಿ, ದುಪ್ಪಟ್ಟು ಮಾಡಿ ಕೊಡುತ್ತೇನೆ” ಎಂಬ ಸಂದೇಶಗಳು ಜಿಟಾ ಎಂಬ ದೊಡ್ಡ ಮಾರುಕಟ್ಟೆಯ ಮಂಡಲದಲ್ಲಿ ಎಡೆಬಿಡದೆ ಹರಿಯುತ್ತಿರುತ್ತವೆ. ಆಟದೊಳಗಿನ ಹಣಕ್ಕೆ ಸಂಬಂಧಿಸಿದ ಇಂಥ ಮೋಸವನ್ನು ನಿಯಮಗಳು ಬಹುಮಟ್ಟಿಗೆ ನಿಷೇಧಿಸುವುದಿಲ್ಲ. ಇದು ಸರಿಯೇ ಎಂದು ಕೇಳಿದರೆ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಆದರೆ ಏಕೆ ಹಾಗಿದೆ ಎಂಬುದಕ್ಕೆ ತರ್ಕವಿದೆ. ಈ ಲೋಕದ ಬಹುತೇಕ ನೌಕೆಗಳನ್ನೂ ಆಯುಧಗಳನ್ನೂ ಆಟಗಾರರೇ ಅದಿರು ಅಗೆದು ತಯಾರಿಸಿ ಮಾರುತ್ತಾರೆ. ಯಾರ ನೌಕೆಯೂ ನಾಶವಾಗದಿದ್ದರೆ ಯಾರಿಗೂ ಹೊಸ ನೌಕೆ ಬೇಡ. ಅಗೆಯುವವನಿಗೂ ತಯಾರಿಸುವವನಿಗೂ ಕೆಲಸವಿಲ್ಲ. ಜನ ಬೇಳೆ ತಿಂದು ಮುಗಿಸದಿದ್ದರೆ ಮರುವರ್ಷ ಗಂಜ್‌ನಲ್ಲಿ ತೊಗರಿಗೆ ಸವಾಲು ಕೂಗುವವರು ಯಾರು?

ಹಣದ ಎರಡು ಬಗೆ

ಆಟದೊಳಗಿನ ನಾಣ್ಯದ ಹೆಸರು ಇಸ್ಕ್. ಇದಲ್ಲದೆ ಪ್ಲೆಕ್ಸ್ ಎಂಬ ಇನ್ನೊಂದು ವಸ್ತುವಿದೆ. ಅದನ್ನು ನಿಜವಾದ ಹಣ ಕೊಟ್ಟು ಕಂಪನಿಯಿಂದ ಕೊಂಡು, ಆಟದ ಮಾರುಕಟ್ಟೆಯಲ್ಲಿ ಇತರ ಆಟಗಾರರಿಗೆ ಇಸ್ಕ್‌ಗೆ ಮಾರಬಹುದು. ಕೊಂಡವನು ಅದರಿಂದ ತನ್ನ ಮಾಸಿಕ ಚಂದಾ ಕಟ್ಟಿಕೊಳ್ಳಬಹುದು. ಸಮಯವಿದ್ದವನೂ ದುಡ್ಡಿದ್ದವನೂ ಅದಲುಬದಲು ಮಾಡಿಕೊಳ್ಳುವ ವ್ಯವಸ್ಥೆ ಇದು. ಒಳಗೆ ಹೋದ ಹಣ ಮಾತ್ರ ಮತ್ತೆ ರೂಪಾಯಿಯಾಗಿ ಹೊರಗೆ ಬರುವುದಿಲ್ಲ, ಇಸ್ಕ್ ಅನ್ನು ನಿಜವಾದ ಹಣಕ್ಕೆ ಮಾರುವುದು ನಿಯಮಬಾಹಿರ. ಮಕ್ಕಳ ಕೈಗೆ ಕಾರ್ಡ್ ಕೊಡುವ ಮನೆಯವರು ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು.

2016ರಲ್ಲಿ ಕೌಶಲದ ಅಂಕಗಳನ್ನೇ ಕೊಳ್ಳುವ ದಾರಿಯೂ ತೆರೆಯಿತು. ಒಬ್ಬನ ಪಾತ್ರದಿಂದ ತೆಗೆದ ಅಂಕಗಳನ್ನು ಇನ್ನೊಬ್ಬ ಕೊಂಡು ತನ್ನ ಪಾತ್ರಕ್ಕೆ ಸೇರಿಸಿಕೊಳ್ಳಬಹುದು. 50 ಲಕ್ಷಕ್ಕಿಂತ ಕಡಿಮೆ ಅಂಕವಿರುವ ಹೊಸಬನಿಗೆ ಒಂದು ಕುಪ್ಪಿಯಿಂದ 5 ಲಕ್ಷ ಅಂಕ ದೊರೆತರೆ, 8 ಕೋಟಿ ಮೀರಿದ ಹಳಬನಿಗೆ ಅದೇ ಕುಪ್ಪಿಯಿಂದ ದೊರೆಯುವುದು ಒಂದೂವರೆ ಲಕ್ಷ. ಹೊಸಬನ ಪರವಾದ ನಿಯಮವೇ ಇದು, ಆದರೆ ಕೊಳ್ಳುವಷ್ಟು ಇಸ್ಕ್ ಅವನ ಬಳಿ ಇರಬೇಕಲ್ಲ.

ವಿಡಿಯೊದಲ್ಲಿ ಕಂಡ ಯುದ್ಧ

ಹುಡುಗರನ್ನು ಸೆಳೆಯುವ ವಿಡಿಯೊಗಳಲ್ಲಿ ಬಹಳ ಪ್ರಸಿದ್ಧವಾದದ್ದು 2014ರ ಜನವರಿ 27 ಮತ್ತು 28ರಂದು ಬಿ-ಆರ್5ಆರ್‌ಬಿ ಎಂಬ ಮಂಡಲದಲ್ಲಿ ನಡೆದ ಕದನ. ಅದರಲ್ಲಿ 7,500ಕ್ಕೂ ಹೆಚ್ಚು ಆಟಗಾರರು ಪಾಲ್ಗೊಂಡರು. ಟೈಟನ್ ಎಂಬ ಅತಿ ದೊಡ್ಡ ನೌಕೆಗಳು 75 ನಾಶವಾದವು. ಪ್ಲೆಕ್ಸ್ ಬೆಲೆಯ ಮೂಲಕ ಲೆಕ್ಕ ಹಾಕಿದರೆ ನಷ್ಟ 3 ಲಕ್ಷ ಡಾಲರಿಗೂ ಹೆಚ್ಚು ಎಂದು ಅಂದಾಜು ಮಾಡಲಾಯಿತು. ಕದನಕ್ಕೆ ಕಾರಣ ಕೇಳಿದರೆ ನಗು ಬರುತ್ತದೆ: ಆ ಮಂಡಲದ ಒಡೆತನಕ್ಕೆ ಕಟ್ಟಬೇಕಾದ ಬಿಲ್ ಸಮಯಕ್ಕೆ ಪಾವತಿಯಾಗಿರಲಿಲ್ಲ. ಒಡೆತನ ತಪ್ಪಿತು, ಎದುರಾಳಿಗಳು ನುಗ್ಗಿದರು.

ವಿಡಿಯೊ ಹೇಳದ ಸಂಗತಿಯೆಂದರೆ ಆ ಕದನ ಸುಮಾರು 21 ಗಂಟೆ ನಡೆಯಿತು. ಒಂದೇ ಕಡೆ ಅಷ್ಟು ಜನ ಸೇರಿದಾಗ ಸರ್ವರ್ ತಾನು ಕುಸಿಯದಿರಲು ಆ ಪ್ರದೇಶದ ಕಾಲವನ್ನೇ ನಿಧಾನಗೊಳಿಸುತ್ತದೆ, ಗರಿಷ್ಠವೆಂದರೆ ಹತ್ತನೆಯ ಒಂದು ಭಾಗದ ವೇಗಕ್ಕೆ. ಒಂದು ನಿಮಿಷದಲ್ಲಿ ಆಗಬೇಕಾದದ್ದಕ್ಕೆ ಹತ್ತು ನಿಮಿಷ. ಸಾಮಾನ್ಯ ಆಟಗಾರ ಆ ಹೊತ್ತಿನಲ್ಲಿ ಮಾಡುವುದು ನಾಯಕ ಹೇಳಿದ ಗುರಿಯನ್ನು ಪಟ್ಟಿಯಲ್ಲಿ ಹುಡುಕಿ, ಒತ್ತಿ, ಕಾಯುವುದು. ಅದನ್ನು ಹತ್ತು ನಿಮಿಷಕ್ಕೆ ಕತ್ತರಿಸಿ, ಹಿಂದೆ ಸಂಗೀತ ಸೇರಿಸಿದಾಗ ನಾವು ನೋಡುವ ಯುದ್ಧ ಸಿದ್ಧವಾಗುತ್ತದೆ. ಹೊಸಬನ ನಿರಾಸೆಯಲ್ಲಿ ಯಾರದಾದರೂ ತಪ್ಪಿದ್ದರೆ, ನನ್ನ ದೃಷ್ಟಿಯಲ್ಲಿ ಅದು ಈ ಕತ್ತರಿಯದು.

ನಡುರಾತ್ರಿಯ ಜಾತ್ರೆ

ನಮ್ಮ ಕಡೆಯವರಿಗೇ ವಿಶೇಷವಾಗಿ ತಾಗುವ ಒಂದು ತೊಡಕು ಸಮಯದ್ದು. ಯೂರೋಪಿನ ಆಟಗಾರರು ಊಟ ಮುಗಿಸಿ ಕೂರುವ ಲಂಡನ್ನಿನ ರಾತ್ರಿ ಎಂಟು ಗಂಟೆ ಎಂದರೆ ಕಲಬುರಗಿಯಲ್ಲಿ ಚಳಿಗಾಲಕ್ಕೆ ರಾತ್ರಿ ಒಂದೂವರೆ, ಬೇಸಿಗೆಗೆ ಹನ್ನೆರಡೂವರೆ. ದಿನವೂ ನಡೆಯುವ ಸರ್ವರ್ ನಿರ್ವಹಣೆಯ ಸಮಯ, ಬೇಸಿಗೆ ಚಳಿಗಾಲಕ್ಕೆ ಬದಲಾಗದ ಆಟದ ಗಡಿಯಾರದಲ್ಲಿ ಬೆಳಗಿನ 11 ಗಂಟೆ, ಅಂದರೆ ನಮ್ಮಲ್ಲಿ ಸಂಜೆ ನಾಲ್ಕೂವರೆ. ಕಾಲೇಜಿನಿಂದ ಬಂದು ಚಹಾ ಕುಡಿದು ಆಟ ತೆರೆದವನಿಗೆ ಬಾಗಿಲು ಮುಚ್ಚಿರುತ್ತದೆ. ಬಾಗಿಲು ತೆರೆದಾಗ ಬಯಲಿನಲ್ಲಿ ಜನ ವಿರಳ. ಅವನು “ಆಟ ಸತ್ತಿದೆ” ಎಂದುಕೊಳ್ಳುತ್ತಾನೆ, ಜಾತ್ರೆ ತಾನು ಮಲಗಿದ ಮೇಲೆ ಸೇರುತ್ತದೆಂದು ತಿಳಿದಿರುವುದಿಲ್ಲ. ಇದಕ್ಕೆ ಭಾಷೆಯ ತೊಡಕೂ ಸೇರುತ್ತದೆ. ಗುಂಪಿನ ಮಾತುಕತೆ ನಡೆಯುವುದು ಹೆಡ್‌ಫೋನಿನಲ್ಲಿ, ಹಲವು ದೇಶಗಳ ಉಚ್ಚಾರಣೆಯ ವೇಗದ ಇಂಗ್ಲಿಷಿನಲ್ಲಿ. ಪುಸ್ತಕದ ಇಂಗ್ಲಿಷ್ ಚೆನ್ನಾಗಿ ಬಲ್ಲ ಹುಡುಗನೂ ಅಲ್ಲಿ ಬಾಯಿ ಬಿಡಲು ಹಿಂಜರಿಯುತ್ತಾನೆ, ಬಾಯಿ ಬಿಡದವನನ್ನು ಗುಂಪು ಮರೆತುಬಿಡುತ್ತದೆ.

ಮಾತು ತಪ್ಪಿದ ನಿರಾಸೆ

ಇದುವರೆಗೆ ಹೇಳಿದ್ದು ಆಟ ಇರುವುದೇ ಹಾಗೆ ಎಂಬ ಬಗೆಯ ನಿರಾಸೆ. ಹೇಳಿದ್ದು ಸಿಗದ ನಿರಾಸೆ ಬೇರೆ. 2016ರ ಆಗಸ್ಟ್‌ನಲ್ಲಿ ಬಂದ ‘ನೋ ಮ್ಯಾನ್ಸ್ ಸ್ಕೈ’ ಆಟದಲ್ಲಿ ಸುಮಾರು 1.84 ಲಕ್ಷ ಕೋಟಿ ಕೋಟಿ ಗ್ರಹಗಳಿವೆ. ಅಷ್ಟನ್ನು ಯಾರೂ ಬರೆದಿಟ್ಟಿಲ್ಲ. ಚುಕ್ಕಿ ಮತ್ತು ನಿಯಮ ಗೊತ್ತಿದ್ದರೆ ಯಾರ ಮನೆಯಂಗಳದಲ್ಲಿ ಹಾಕಿದರೂ ಅದೇ ರಂಗೋಲಿ ಮೂಡುವಂತೆ, ಒಂದೇ ಗಣಿತ ಸೂತ್ರದಿಂದ ಪ್ರತಿ ಗ್ರಹವೂ ಹೋದಾಗಷ್ಟೇ ಮೂಡುತ್ತದೆ. ಇತರರನ್ನು ಅಲ್ಲಿ ಭೇಟಿಯಾಗಬಹುದೆಂಬ ನಿರೀಕ್ಷೆ ಹುಟ್ಟಿತ್ತು. ಆದರೆ ಬಿಡುಗಡೆಯ ಹೊತ್ತಿನಲ್ಲೇ ಇಬ್ಬರು ಆಟಗಾರರು ಒಂದೇ ಗ್ರಹದ ಒಂದೇ ಜಾಗಕ್ಕೆ ಬಂದು ನಿಂತರೂ ಒಬ್ಬರಿಗೊಬ್ಬರು ಕಾಣಲಿಲ್ಲ. ರಂಗೋಲಿ ಒಂದೇ, ಅಂಗಳ ಬೇರೆ ಬೇರೆ. ಪೂರ್ಣ ಪ್ರಮಾಣದಲ್ಲಿ ಒಟ್ಟಿಗೆ ಆಡುವ ಅವಕಾಶ ಬಂದದ್ದು 2018ರ ಜುಲೈನಲ್ಲಿ. ಈ ನಿರಾಸೆಯನ್ನು ಕಂಪನಿ ದುಡಿದು ಸರಿಪಡಿಸಬಹುದು, ಸರಿಪಡಿಸಿತು ಕೂಡ. ಈವ್ ಬಗೆಯ ನಿರಾಸೆಯನ್ನು ಹಾಗೆ ಸರಿಪಡಿಸಹೊರಟರೆ ಆ ಆಟವೇ ಉಳಿಯುವುದಿಲ್ಲ.

ಉಳಿದವರು ಹೇಗೆ ಉಳಿದರು

ಮೊದಲ ತಿಂಗಳು ದಾಟಿದವರಲ್ಲಿ ಹಲವರು ಯಾವುದಾದರೂ ಗುಂಪು ಸೇರಿದವರು. ಆಟಗಾರರೇ ಕಟ್ಟಿಕೊಂಡ ಇಂಥ ಗುಂಪುಗಳಿಗೆ ಅಲ್ಲಿ ಕಾರ್ಪೊರೇಷನ್ ಎನ್ನುತ್ತಾರೆ. ಹೊಸಬರಿಗೆ ಕಲಿಸುವುದೇ ಉದ್ದೇಶವಾಗಿ 2004ರಿಂದ ನಡೆಯುತ್ತಿರುವ ‘ಈವ್ ಯೂನಿವರ್ಸಿಟಿ’ ಅಂಥದ್ದೊಂದು. ಅಲ್ಲಿ ಮೊದಲು ಕಲಿಸುವ ಪಾಠ, ಕಳೆದುಕೊಂಡರೆ ಮತ್ತೆ ಕೊಳ್ಳಲಾಗದ ನೌಕೆಯಲ್ಲಿ ಹೊರಡಬೇಡ ಎಂಬುದು. ಅಡತಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಹುಡುಗ ಮೊದಲ ಹಂಗಾಮಿನಲ್ಲಿ ಚೀಲ ಎಣಿಸುತ್ತಾನೆ, ತಾನೇ ಸವಾಲು ಕೂಗುವುದಿಲ್ಲ.

ದಸರಾ ರಜೆಯಲ್ಲಿ ನನ್ನ ಅಳಿಯ ಆ ಆಟವನ್ನು ಮತ್ತೊಮ್ಮೆ ತೆರೆದು ನೋಡಿದ. ಏಪ್ರಿಲ್‌ನಲ್ಲಿ ಸರತಿಯಲ್ಲಿಟ್ಟು ಬಿಟ್ಟಿದ್ದ ಕೌಶಲ ಎಂದೋ ಮುಗಿದಿತ್ತು. ಆಟ ಕೊಡುವ ಉಚಿತ ಸಣ್ಣ ನೌಕೆಯೊಂದು ನಿಲ್ದಾಣದಲ್ಲಿ, ಬಿಟ್ಟ ಜಾಗದಲ್ಲೇ ನಿಂತಿತ್ತು. ಅಷ್ಟರಲ್ಲಿ ಗಂಟೆ ಸಂಜೆ ನಾಲ್ಕೂವರೆ ಆಗಿರಲಿಲ್ಲವಾದರೂ ಅವನು ಅದನ್ನು ಹೊರಗೆ ತೆಗೆಯಲಿಲ್ಲ. ರಾತ್ರಿ ಹನ್ನೆರಡೂವರೆಗೆ ಅಲಾರಂ ಇಟ್ಟುಕೊಂಡು ಮಲಗಿದ್ದಾನೆಂದು ಅಕ್ಕ ಮರುದಿನ ಫೋನಿನಲ್ಲಿ ಬೈಯುತ್ತಿದ್ದಳು.